ಮಾವ ತಿರಸ್ಕರಿಸಿದ ಕಾಲೇಜುಗಳು

ನನ್ನ ಸೋದರಮಾವ ಕಾಲೇಜು ಕಲಿತವನಲ್ಲ. ಆದರೆ ಕಾಲೇಜುಗಳನ್ನೇ ನಪಾಸು ಮಾಡಿದ ಗಂಡಸು ನಮ್ಮ ರೋಣದಲ್ಲಿ ಅವನೊಬ್ಬನೇ!

ಆಗಿನ್ನೂ ನಾವು ಮುಂಬಯಿ ಪ್ರಾಂತದಲ್ಲಿದ್ದೆವು. ನಾನು ಮ್ಯಾಟ್ರಿಕ್ ಪಾಸಾದೆ. ಅಪ್ಪನ ಕಣ್ಣು ನರಗುಂದದ ಒಬ್ಬ ವರನ ಮೇಲಿತ್ತು. ಅವ್ವ ಅತ್ತಳು, ಹುಡುಗಿಯನ್ನು ಕಾಲೇಜಿಗೆ ಕಳಿಸೋಣವೆಂದು ಮಾವ ನಡುವೆ ಬಂದ. ಕೊನೆಗೆ ಅಪ್ಪ, "ಮುಂದಿನ ಸಂತಿಯೊಳಗ ಒಂದು ಚಲೋ ಕಾಲೇಜ್ ತೋರಸಪಾ. ಇಲ್ಲಂದ್ರ ನರಗುಂದಕ್ಕ ಹೂಂ ಅಂತೀನಿ" ಎಂದ.

ಮಾವನದು ಗಜೇಂದ್ರಗಡದಲ್ಲಿ ಹತ್ತಿ ವ್ಯಾಪಾರ. ಹತ್ತಿ ತುಂಬಿದ ಅಂಡಿಗೆಯ ಮೇಲ್ಭಾಗವನ್ನು ಅವನು ಎಂದೂ ನಂಬಿದವನಲ್ಲ. ಮೊಳಕೈವರೆಗೆ ಕೈ ತೂರಿಸಿ, ನಡುವಿನಿಂದ ಒಂದು ಹಿಡಿ ಕಿತ್ತು, ಎಳೆ ಜಗ್ಗಿ ನೋಡಿಯೇ ಮಾತು. ಕಾಲೇಜಿಗೆ ಬೇರೆ ಪದ್ಧತಿ ಯಾಕೆ ಬೇಕು?

ಮೊದಲನೆಯ ಕಾಲೇಜಿನಲ್ಲಿ ಪ್ರಿನ್ಸಿಪಾಲರು ಗಡಿಯಾರದ ಗೋಪುರ ತೋರಿಸಿದರು. "ಇದು ಅಂಡಿಗಿ ಮ್ಯಾಲಿನ ಹತ್ತಿ ಆತ್ರಿ" ಎಂದವನೇ ಮಾವ ತರಗತಿಗೆ ನುಗ್ಗಿ, ನಡುವಿನ ಬೆಂಚಿನ ಹುಡುಗನ ರಟ್ಟೆ ಹಿಡಿದು ಹೊರಗೆ ತಂದ.

"ನಿನ್ನೆ ಏನ್ ಕಲತಿ?"

"ಸರ್ ಹೇಳಿದ್ದು ಬರಕೊಂಡೀನ್ರಿ."

"ಏನ್ ಹೇಳಿದ್ರು?"

"ಅದನ್ನs ಬರಕೊಂಡೀನ್ರಿ."

ಮಾವ ನಮಸ್ಕಾರ ಹೇಳಿ ಹೊರಬಿದ್ದ.

ಎರಡನೆಯ ಕಡೆ ಸಿಕ್ಕ ಹುಡುಗ ಇಂಗ್ಲಿಷನ್ನು ನೀರು ಕುಡಿದಂತೆ ಮಾತಾಡಿದ. ನಿಮ್ಮಪ್ಪ ಏನು ಮಾಡುತ್ತಾನೆಂದು ಕೇಳಿದರೆ ಮಾತ್ರ ಹೇಳಲು ನಾಚಿ ನೆಲ ನೋಡಿದ. "ಎಳಿ ಉದ್ದ ಐತಿ, ಜಗ್ಗಿದ್ರ ಹರೀತೈತಿ" ಎಂದ ಮಾವ.

"ಕಾಲೇಜ್ ನೋಡಾಕ ಹೋಗಿದ್ಯೋ, ಬೀಗತನಾ ಮಾಡಾಕೋ?" ಎಂದು ಅಪ್ಪ ಚುಚ್ಚಿದ. ಸಂತೆಗೆ ಎರಡೇ ದಿನ ಉಳಿದಿತ್ತು. ನನಗೆ ಅನ್ನ ಸೇರುತ್ತಿರಲಿಲ್ಲ.

ಮೂರನೆಯದಕ್ಕೆ ನನ್ನನ್ನೂ ಕರೆದೊಯ್ದ. ಗೋಪುರವಿಲ್ಲ, ಹಂಚಿನ ಮಾಡು. ನಡುವಿನ ಬೆಂಚಿನಲ್ಲಿ ಹುಡುಗಿಯೊಬ್ಬಳು ಕುಳಿತಿದ್ದಳು. ಈ ಸಲ ಮಾವ ರಟ್ಟೆಗೆ ಕೈ ಹಾಕಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದ.

"ನಿನ್ನೆ ಏನ್ ಕಲತಿ, ತಂಗಿ?"

"ಏನೂ ತಿಳೀಲಿಲ್ರಿ. ಇವತ್ತ ಮತ್ತ ಕೇಳಾಕಿ ಇದ್ದೀನಿ."

"ಕೇಳಿದ್ರ ಬೈತಾರೇನು?"

"ಯಾಕ್ ಬೈತಾರ್ರಿ? ಮತ್ತೊಮ್ಮೆ ಹೇಳ್ತಾರ."

ಮಾವ ನನ್ನ ಕಡೆ ತಿರುಗಿ, "ಮಾಲು ಇಲ್ಲೈತಿ ನೋಡು" ಎಂದ. ಅಪ್ಪ ಮಾತಿಗೆ ತಪ್ಪಲಿಲ್ಲ.

ಕಾಲೇಜಿಗೆ ಹೊರಟು ಹೊಳೆಆಲೂರಿನ ಸ್ಟೇಶನ್ನಿನಲ್ಲಿ ಗಾಡಿ ಹತ್ತಿ ಕುಳಿತಾಗ ನನ್ನ ಧೈರ್ಯವೆಲ್ಲ ಕರಗಿತು. "ಮಾಮಾ, ನಾಳೆ ಯಾರರೆ ಬಂದು ನನ್ನs ಹಿಂಗ ಎಬ್ಬಿಸಿ ಕೇಳಿದ್ರ?"

"ಕೇಳ್ಲಿ ಬಿಡು."

ಗಾಡಿ ಅಲುಗಿತು. ಕಿಟಕಿಯ ಸರಳು ಹಿಡಿದು ಅವನೂ ನಾಲ್ಕು ಹೆಜ್ಜೆ ಬಂದ.

"ಜಗ್ಗಿ ನೋಡದನs ನಾ ಒಪ್ಪಿದ ಮಾಲು ನೀ ಒಬ್ಬಾಕೀನs, ಅವ್ವಿ."