ಮೂರು ಒದೆಯ ಮದ್ದು

ನೀಲಪ್ಪನ ಬುದ್ಧಿ ಕೆಟ್ಟದ್ದು ಒಂದು ಬಿಳಿ ಬ್ಲಾಕಿನಿಂದ. ಇದು ನಮ್ಮ ಮಾತಲ್ಲ. ಅವನೇ ಈಗಲೂ ಸಿಂಗಸಂದ್ರದಲ್ಲಿ ಯಾರಾದರೂ ಚಹಾ ಕೊಡಿಸಿದರೆ ಕೂತು ಹೇಳಿಕೊಳ್ಳುತ್ತಾನೆ. "ಕಲ್ಲು ಹೊತ್ತೂ ಹೊತ್ತೂ ನನ್ನ ತಲಿನೂ ಕಲ್ಲಾಗಿತ್ರಿ" ಎಂದು ನೆತ್ತಿಯನ್ನು ತಟ್ಟಿ ತೋರಿಸುತ್ತಾನೆ.

ಕುಷ್ಟಗಿ ಕಡೆಯ ಗೌಂಡಿ ಅವನು. ಇದು ನಡೆಯುವ ಹೊತ್ತಿಗೆ ಹತ್ತು ವರ್ಷದಿಂದ ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಗೋಡೆ ಕಟ್ಟುತ್ತಿದ್ದ. ಹೆಂಡತಿ ದುರ್ಗವ್ವ ಅವನಿದ್ದ ಸೈಟಿನಲ್ಲೇ ಸಿಮೆಂಟು ಕಲಸಿದ ಮಾಲು ಹೊರುತ್ತಿದ್ದಳು. ಎಂಟು ಇಂಚಿನ ಸಾಲಿಡ್ ಬ್ಲಾಕು ಒಂದೊಂದೂ ಮೂವತ್ತು ಕೆಜಿಗೆ ಮೇಲೆ. ದಿನವೆಲ್ಲ ಅದನ್ನು ಎತ್ತಿ ಇಳಿಸಿದರೆ ಸಂಜೆ ಹೊತ್ತಿಗೆ ಸೊಂಟ ತನ್ನದೋ ಯಾರದೋ ಎಂದು ನೀಲಪ್ಪನಿಗೆ ಅನುಮಾನ ಬರುತ್ತಿತ್ತು.

ಎರಡು ಸಾವಿರದ ಹನ್ನೆರಡರ ಒಂದು ಸೋಮವಾರ ಬೆಳಿಗ್ಗೆ ಎರಡನೇ ಟವರಿನ ಮುಂದೆ ಲಾರಿ ನಿಂತು ಬಿಳಿ ಬ್ಲಾಕು ಇಳಿಸಿತು. ಹೊಸ ನಮೂನೆಯ ಹಗುರ ಬ್ಲಾಕಂತೆ. ಗೇಟಿನ ಪಕ್ಕ ಚಹಾ ಮಾರುವ ಶಿವಲಿಂಗಮ್ಮ ಬಂದು ಒಂದನ್ನು ಒಂದೇ ಕೈಯಲ್ಲಿ ಎತ್ತಿ, "ಏನ್ ಬುಡಪ್ಪಾ, ಬ್ರೆಡ್ಡಿದ್ದಂಗೈತೆ" ಎಂದು ಕೆಳಗಿಟ್ಟಳು. ನೀಲಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಹೆಣ್ಣು ನೋಡಲು ಹೋದಾಗಲೂ ಅವನು ಹಾಗೆ ನೋಡಿರಲಿಲ್ಲ.

ಅಷ್ಟರಲ್ಲಿ ಸೈಟ್ ಎಂಜಿನಿಯರ್ ಅಮೋಘ್ ಹೆಲ್ಮೆಟ್ ಸರಿ ಮಾಡಿಕೊಳ್ಳುತ್ತ ಬಂದ.

"ನೋಡ್ರಪ್ಪಾ, ನಾಳೆಯಿಂದ ಆ ಟವರ್‌ಗೆ ನಿಮ್ಮ ಗ್ಯಾಂಗಿಂದ ಒಬ್ರು ಬೇಕು. ಗೌಂಡಿ ಆದ್ರೂ ಸರಿ, ಹೆಲ್ಪರ್ ಆದ್ರೂ ಸರಿ. ಸೊಂಟದ ಪ್ರಾಬ್ಲಂ ಇರೋರಿಗೆ ಮೊದಲು ಚಾನ್ಸ್. ಮಿಕ್ಕೋರು ಇಲ್ಲೇ, ಇದೇ ಸಾಲಿಡ್ ಬ್ಲಾಕು, ಇನ್ನಾರು ತಿಂಗಳು."

ಆರು ತಿಂಗಳು! ನೀಲಪ್ಪ ಬಿಳಿ ಬ್ಲಾಕಿನ ರಾಶಿಯ ಕಡೆ ಮತ್ತೊಮ್ಮೆ ನೋಡಿದ. ಅವನಿಗೆ ನೋವೇನೋ ಇತ್ತು. ಆದರೆ ಅದು ಸಂಜೆ ಬಂದು ಬೆಳಿಗ್ಗೆ ಹೋಗುವ ಸಭ್ಯ ನೋವು; ನಾಲ್ಕು ಜನರ ಮುಂದೆ ತೋರಿಸಿಕೊಳ್ಳುವಂಥದ್ದಲ್ಲ. ಸ್ವಲ್ಪ ಸದ್ದು ಸೇರಿಸಿದರೆ ಏನು ತಪ್ಪು ಎಂದುಕೊಂಡ.

ಹತ್ತು ಗಂಟೆಗೆ, ಅಮೋಘ್ ಹತ್ತಿರ ಬರುವುದನ್ನೇ ಕಾದು, ಒಂದು ಬ್ಲಾಕನ್ನು ಮೊಣಕಾಲೆತ್ತರಕ್ಕೆ ಎತ್ತಿದ. ಮೂಲೆ ಒಡೆಯದ ಹಾಗೆ ಅದನ್ನು ಮೆಲ್ಲಗೆ ಕೆಳಗಿಟ್ಟ. ಆಮೇಲೆ, "ಯವ್ವಾ, ಸತ್ತೆ!" ಎಂದು ಸೊಂಟ ಹಿಡಿದು ಬಗ್ಗಿ ನಿಂತುಬಿಟ್ಟ.

ಸೈಟಿಗೆ ಸೈಟೇ ಓಡಿ ಬಂತು. ಗ್ಯಾಂಗಿನ ಮೇಸ್ತ್ರಿ ಭರಮಪ್ಪ ಬೆನ್ನು ಒತ್ತಿ ನೋಡಿ, "ಇಲ್ಲೇನು? ಇಲ್ಲೇನು?" ಎಂದು ಕೇಳಿದ. ಎಲ್ಲಿ ಒತ್ತಿದರೂ ನೀಲಪ್ಪ "ಅಲ್ಲೇರಿ" ಎಂದ.

"ಆಸ್ಪತ್ರೆಗೆ ಹೋಗೋಣ, ಗಾಡಿ ತರಿಸ್ತೀನಿ" ಎಂದ ಅಮೋಘ್. ಆಮೇಲೆ ತಾನಾಗಿಯೇ, "ನಾಳೆಯಿಂದ ಬಿಳಿ ಬ್ಲಾಕಿಗೆ ನೀಲಪ್ಪನ್ನೇ ಹಾಕೋಣ" ಎಂದೂ ಅಂದ.

ಬಗ್ಗಿದ್ದ ನೀಲಪ್ಪ ನೆಲ ನೋಡಿಕೊಂಡೇ ನಕ್ಕ. ಅಲ್ಲಿಗೆ ಕತೆ ಮುಗಿದಿದ್ದರೆ ಅವನು ಇವತ್ತು ಸುಖವಾಗಿರುತ್ತಿದ್ದ. ಆದರೆ ಶಿವಲಿಂಗಮ್ಮ ಚಹಾದ ಕೆಟ್ಲು ಹಿಡಿದು ಅಲ್ಲೇ ನಿಂತಿದ್ದಳು.

"ಉಳುಕಿದ್ದಕ್ಕೆ ಆಸ್ಪತ್ರೆ ಯಾಕ್ ಸಾಮಿ? ಕಾಲು ಮುಂದಾಗಿ ಉಟ್ಟಿರೋರು ಸೊಂಟಕ್ಕೆ ಮೂರು ಕಿತ ಒದ್ರೆ ಆಯ್ತು. ನಮ್ಮ ಆನೇಕಲ್ ಕಡೆ ಎಲ್ಲಾ ಅದೇಯ."

"ನಮ್ಮ ಕಡೀಗೂ ಅದ ಮದ್ದು!" ಎಂದು ಭರಮಪ್ಪ ತೊಡೆ ತಟ್ಟಿದ. "ಯಾರದೀರಲೇ ಕಾಲು ಮುಂದಾಗಿ ಹುಟ್ಟಿದವ್ರು?"

ನೀಲಪ್ಪನಿಗೆ ಬೆವರು ಕಿತ್ತು ಬಂತು. "ಬ್ಯಾಡ್ರಿ ಮೇಸ್ತ್ರಿ, ಆಸ್ಪತ್ರಿನ ಛಲೋ" ಎಂದರೆ ಕೇಳುವವರು ಯಾರು? ಕಂಬಿ ಬಗ್ಗಿಸುವ ಬಾರ್ ಬೆಂಡಿಂಗಿನವರನ್ನು ಕೇಳಿದರು, ಸೆಕ್ಯುರಿಟಿಯವನನ್ನು ಕೇಳಿದರು. ಎಲ್ಲರೂ ತಲೆ ಮುಂದಾಗಿಯೇ ಹುಟ್ಟಿದ್ದರು. ಕೊನೆಗೆ ಭರಮಪ್ಪ ಎಂಜಿನಿಯರನ್ನೂ ಬಿಡಲಿಲ್ಲ.

"ಸಾಹೇಬ್ರ, ನೀವು ಹೆಂಗ ಹುಟ್ಟೀರಿ?"

"ನಾನಾ? ಸಿಸೇರಿಯನ್" ಎಂದ ಅಮೋಘ್ ನಾಚಿಕೊಂಡು.

"ಹೊಟ್ಟಿ ಕೊಯ್ದು ತಗದವ್ರು ಲೆಕ್ಕಕ್ಕಿಲ್ರಿ" ಎಂದು ಭರಮಪ್ಪ ಅವನನ್ನು ಪಕ್ಕಕ್ಕಿಟ್ಟ. ನೀಲಪ್ಪನಿಗೆ ಹೋದ ಜೀವ ಬಂದಂತಾಯಿತು.

"ನಾ ಅದೀನ್ರಿ" ಎಂದಿತು ಹಿಂದಿನಿಂದ ಒಂದು ದನಿ.

ದುರ್ಗವ್ವ! ಮಾಲಿನ ಬಾಣಲಿಯನ್ನು ತಲೆಯಿಂದ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ ಮುಂದೆ ಬಂದಳು.

"ನೀ? ಹತ್ತು ವರ್ಷದಾಗ ಒಂದಿನಾನೂ ಹೇಳಿಲ್ಲಲ್ಲ?" ಎಂದ ನೀಲಪ್ಪ.

"ನೀವು ಯಾವತ್ತರ ಕೇಳೀರೇನು?"

ಅರ್ಧ ಎದ್ದ ಗೋಡೆಗೆ ಕೈ ಕೊಟ್ಟು ನೀಲಪ್ಪನನ್ನು ನಿಲ್ಲಿಸಿದರು. ಗಂಡನಿಗೆ ಕಾಲು ತಾಗಿಸುವುದು ಪಾಪವಲ್ಲವೇ? ದುರ್ಗವ್ವ ಮೊದಲು ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ತಪ್ಪಾತ್ರಿ, ಹೊಟ್ಯಾಗ ಹಾಕ್ಕೋರಿ" ಎಂದಳು. ಆಮೇಲೆ ಒದ್ದಳು.

ದಿನವೂ ನಾಲ್ಕು ಮಹಡಿ ಮಾಲು ಹೊತ್ತು ಹತ್ತುವ ಕಾಲು ಅದು. ನೀಲಪ್ಪನಿಗೆ ಹಗಲಲ್ಲೇ ಚುಕ್ಕಿ ಕಂಡವು.

"ಹೋತು! ಹೋತು! ಪೂರಾ ಆರಾಮಾತು!" ಎಂದು ಎರಡೂ ಕೈ ಮೇಲೆತ್ತಿ ಕುಣಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮೋಘ್ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡ.

"ಮೂರು ಅಂದ್ರೆ ಮೂರು. ಅರ್ಧಕ್ಕೆ ಬುಟ್ರೆ ತಿರ್ಗಾ ಬತ್ತದೆ" ಎಂದಳು ಶಿವಲಿಂಗಮ್ಮ.

ಭರಮಪ್ಪ ಮತ್ತೆ ಹಿಡಿದು ನಿಲ್ಲಿಸಿದ. ಎರಡನೆಯದು ಬಿತ್ತು. ಮೂರನೆಯದು ಬಿದ್ದಾಗ ನೀಲಪ್ಪನ ಸೊಂಟದೊಳಗೆ ಏನೋ ಚಟಕ್ ಎಂದಿತು. ಅದೇ ಹೊತ್ತಿಗೆ ಹಿಂದೆ ದುರ್ಗವ್ವ, "ಯಪ್ಪಾ, ನನ್ನ ಸೊಂಟ!" ಎಂದು ಕುಸಿದು ಕೂತಳು.

ಎಲ್ಲರೂ ಅವಳ ಕಡೆ ಓಡಿದರು. "ಒದೀಲಿಕ್ಕೆ ಹೋಗಿ ಉಳುಕಿಸಿಕೊಂಡ್ಳಲ್ಲ, ಪಾಪ. ಇವಳಿಗೆ ಒದಿಯೋರು ಯಾರು?" ಎಂದು ಭರಮಪ್ಪ ಮರುಗಿದ. ತನ್ನ ಸೊಂಟಕ್ಕೆ ತಾನೇ ಒದ್ದುಕೊಳ್ಳಲು ಆಗುತ್ತದೆಯೇ? ಮದ್ದಿಲ್ಲ ಎಂದು ತೀರ್ಮಾನವಾಯಿತು.

"ಹಾಗಾದ್ರೆ ನಾಳೆಯಿಂದ ಬಿಳಿ ಬ್ಲಾಕಿಗೆ ದುರ್ಗವ್ವ" ಎಂದ ಅಮೋಘ್.

"ಸಾಹೇಬ್ರ, ನಂಗೂ ನೋವೈತ್ರಿ! ಈಗ ಖರೇನ ಐತ್ರಿ!" ಎಂದ ನೀಲಪ್ಪ, ಹಲ್ಲು ಕಚ್ಚಿಕೊಂಡು.

ಅಮೋಘ್ ಮೊಬೈಲು ಮುಂದೆ ಹಿಡಿದ. ಅದರಲ್ಲಿ ನೀಲಪ್ಪ ಕೈ ಎತ್ತಿ "ಪೂರಾ ಆರಾಮಾತು" ಎಂದು ಕುಣಿಯುತ್ತಿದ್ದ. ತನ್ನ ಕುಣಿತ ತನಗೇ ನೋಡಲಾಗದೆ ಅವನು ಮುಖ ತಿರುಗಿಸಿದ.

ಸಂಜೆ ಇಬ್ಬರೂ ರೂಮಿಗೆ ಹೊರಟರು. ಗೇಟಿನ ತನಕ ದುರ್ಗವ್ವ ಕುಂಟಿದಳು. ಗೇಟು ದಾಟಿದ್ದೇ ನೆಟ್ಟಗೆ ನಿಂತು, ಬುತ್ತಿಯ ಚೀಲ ಬೀಸಿಕೊಂಡು ಸರಸರ ನಡೆದಳು. ಕೊಕ್ಕೆಯಂತೆ ಬಾಗಿದ್ದ ನೀಲಪ್ಪ ನಿಂತಲ್ಲೇ ನಿಂತ.

"ಲೇ, ನಿನ್ನ ಸೊಂಟ?"

"ಸೊಂಟ ಹಿಡಿದಾವ ಬ್ಲಾಕ್ ಅಷ್ಟು ಮೆತ್ತಗ ಇಡ್ತಾನೇನ್ರಿ? ನಾ ನೋಡ್ಲಿಲ್ಲ ಅಂದ್ಕೊಂಡ್ರೇನು? ಹತ್ತು ವರ್ಷದಿಂದ ನಾನೂ ಹೊರಾಕತ್ತೀನಿ. ನನ್ನ ಸೊಂಟ ಹೆಂಗೈತಿ ಅಂತ ಒಂದಿನ ಕೇಳೀರಿ?"

ನೀಲಪ್ಪನಿಗೆ ನಾಚಿಕೆಯಾಯಿತು. ನೋವಿಗಿಂತ ಅದೇ ಹೆಚ್ಚು ಚುಚ್ಚಿತು.

"ಮತ್ತ ಕಾಲು ಮುಂದಾಗಿ ಹುಟ್ಟಿದ್ದು?"

"ಅವ ನಮ್ಮಣ್ಣ. ನಾ ತಲಿ ಮುಂದಾಗೇ ಹುಟ್ಟೀನಿ. ಅದಕ್ಕ ತಲಿ ಸ್ವಲ್ಪ ಓಡ್ತೈತಿ. ಬರ್ರಿ, ಉಪ್ಪಿನ ಶಾಖಾ ಕೊಡ್ತೀನಿ."

ಮರುದಿನ ಬೆಳಿಗ್ಗೆ ಮೊದಲನೇ ಸಾಲಿಡ್ ಬ್ಲಾಕು ಎತ್ತುವಾಗ ನೀಲಪ್ಪನ ಬಾಯಿಂದ ತಾನಾಗಿಯೇ "ಯವ್ವಾ!" ಎಂದು ಬಂತು. ಅಪ್ಪಟ ನೋವು, ಒಂದಿಷ್ಟೂ ಕಲಬೆರಕೆ ಇಲ್ಲ. ಭರಮಪ್ಪ ಗೋಡೆಯ ಮಟ್ಟ ನೋಡುವ ದಾರದಿಂದ ಕಣ್ಣೆತ್ತದೆ ಕೇಳಿದ:

"ಯಾಕ, ದುರ್ಗವ್ವನ್ನ ಕರಸ್ಲೇನು?"

"ಬ್ಯಾಡ್ರಿ, ಆರಾಮ ಅದೀನಿ" ಎಂದು ನೀಲಪ್ಪ ಎರಡನೇ ಬ್ಲಾಕಿಗೆ ಕೈ ಹಾಕಿದ.