ಭಟ್ಟರ ಪ್ಯಾಕೆಟ್ಟಿನಲ್ಲಿ ಮದುವೆ ಕಾಗದ

ತೊಂದರೆ ಶುರುವಾದದ್ದು ಒಂದು 'ಶ್ರೀ'ಯಿಂದ. ಸಂಚಿತಾಳ ಮದುವೆ ಕಾಗದದ ಕರಡಿನಲ್ಲಿ ಸುಖಾಗಮನ ಬಯಸುವ ಬಂಧುಗಳ ಪಟ್ಟಿ ನಲವತ್ತೊಂದು ಹೆಸರುಗಳ ತನಕ ಸರಾಗವಾಗಿ ಬಂದು, ನಲವತ್ತೆರಡನೆಯದರಲ್ಲಿ 'ಶ್ರೀಮತಿ ಮತ್ತು ಶ್ರೀ' ಎಂಬಲ್ಲಿಗೆ ನಿಂತುಬಿಟ್ಟಿತ್ತು. ಆ ಶ್ರೀ ಯಾರು, ಅವರೂ ಸೇರಿ ಉಳಿದ ಐವತ್ತೈದು ಮನೆಯವರು ಎಲ್ಲಿ ಹೋದರು ಎಂಬುದಕ್ಕೆ ಕರಡಿನಲ್ಲಿ ಉತ್ತರವಿರಲಿಲ್ಲ.

ಉತ್ತರ ಕೇಳಲು ಮದುಮಗಳ ತಾಯಿ ಸುಂದರಿ ಶೆಟ್ಟಿ ಬೆಳಿಗ್ಗೆ ಒಂಬತ್ತೂವರೆಗೇ ರಿಕ್ಷಾ ಮಾಡಿಕೊಂಡು ಜೆಪ್ಪುವಿನ ಪ್ರೆಸ್ಸಿಗೆ ಬಂದರು. ಬಂದವರು ಯಾರನ್ನೂ ಕೇಳದೆ ಸೀದಾ, ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಕಮಲಾಕ್ಷ ಭಟ್ಟರ ಮೇಜಿನೆದುರು ನಿಂತರು.

"ಭಟ್ರೇ, ನಮ್ಮ ಬಂಧುಗಳನ್ನು ಎಂತ ಮಾಡಿದ್ರಿ ನೀವು? ಪಡುಬೈಲಿನವರು ಒಬ್ಬರೂ ಇಲ್ಲ ಇದರಲ್ಲಿ! ನಾಳೆ ನಾನು ಅವರ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗ್ಲಿ?"

"ಪಟ್ಟಿ ಪೂರ್ತಿ ಕೊಟ್ಟಿದ್ರಾ ಅಕ್ಕ?"

"ತೊಂಬತ್ತಾರು ಮನೆ! ನನ್ನ ಕೈಯಲ್ಲೇ ಬರೆದು ಅಣ್ಣನಿಗೆ ಕೊಟ್ಟದ್ದು ಮಾರಾಯ್ರೆ. ತಾರಾನಾಥಣ್ಣ ಹೋಟೆಲಿನ ಕೆಲಸ ಬಿಟ್ಟು, ಅವರೇ ಕೂತು ನಿಮ್ಮ ವೆಬ್‌ಸೈಟಿಗೆ ಹಾಕಿದ್ದಾರೆ. ಅಣ್ಣ ಹಾಕಿದ್ದನ್ನು ನಿಮ್ಮ ಮೆಷಿನ್ ತಿಂದಿದೆ."

ತಾರಾನಾಥ ಶೆಟ್ಟರು ಮದುಮಗಳ ಸೋದರಮಾವ. ಆ ಮನೆತನದಲ್ಲಿ ಸೋದರಮಾವ ಹೇಳಿದ ಮೇಲೆ ಮುಗಿಯಿತು. ಅವರು ಹಾಕಿದ ಹೆಸರು ತಪ್ಪುವುದುಂಟೇ? ಹಾಗಾಗಿ ತಪ್ಪಿದ್ದು ಮೆಷಿನ್ ಎಂದು ಇಡೀ ಪ್ರೆಸ್ಸು ಎರಡು ನಿಮಿಷದಲ್ಲಿ ತೀರ್ಮಾನಿಸಿತು. ಆ ಮೆಷಿನ್ ಎಂದರೆ ಭಟ್ಟರ ಪ್ಯಾಕೆಟ್ಟು.

ಈ ಪ್ಯಾಕೆಟ್ಟಿನ ವಿಷಯ ಸ್ವಲ್ಪ ಹೇಳಬೇಕು. ಹೇಳದಿದ್ದರೆ ಭಟ್ಟರಿಗೆ ಬೇಜಾರಾದೀತು. ಗಿರಾಕಿಗಳು ವೆಬ್‌ಸೈಟಿನಲ್ಲಿ ಕಾಗದದ ಒಕ್ಕಣೆ ಬರೆದು ಗುಂಡಿ ಒತ್ತಿದರೆ ಅದನ್ನು ಮೊದಲು ತೆಗೆದುಕೊಳ್ಳುವುದು ಎದುರುಬಾಗಿಲಲ್ಲಿ ಕೂತ ವೆಬ್ ಸರ್ವರ್. ಅಕ್ಷರ ಜೋಡಿಸಿ ಕಾಗದಕ್ಕೆ ರೂಪ ಕೊಡುವ ಪ್ರೋಗ್ರಾಮು ಇರುವುದು ಹಿಂದಿನ ಕೋಣೆಯಂತಹ ಇನ್ನೊಂದು ಕಡೆ. ಅದಕ್ಕೆ ಅಪ್ಲಿಕೇಶನ್ ಕಂಟೇನರ್ ಎನ್ನುತ್ತಾರೆ. ಎದುರಿನಿಂದ ಹಿಂದಕ್ಕೆ ಸುದ್ದಿ ಮುಟ್ಟಿಸಲು ಲೋಕದ ಹೆಚ್ಚಿನವರು ಸಾದಾ ಅಕ್ಷರಗಳ ದಾರಿ ಹಿಡಿದಿದ್ದರೆ, ಭಟ್ಟರು ಹನ್ನೆರಡು ವರ್ಷಗಳ ಹಿಂದೆ ತಮ್ಮದೇ ಒಂದು ಬೈನರಿ ಪ್ಯಾಕೆಟ್ಟು ಕಟ್ಟಿದ್ದರು. ಮೊದಲ ಎರಡು ಬೈಟು ಗುರುತು, ಮುಂದಿನ ಎರಡು ಬೈಟು ಉದ್ದ, ಆಮೇಲೆ ಒಳಗಿನ ಸರಕು. ಗುರುತಿನ ಬೈಟುಗಳಾಗಿ ಅವರು ಆರಿಸಿದ್ದು ಇಂಗ್ಲಿಷಿನ ಕೆ ಮತ್ತು ಬಿ, ಅಂದರೆ ಕಮಲಾಕ್ಷ ಭಟ್. ಹೀಗೆ ದಿನಕ್ಕೆ ಸಾವಿರ ಸಲ ಅವರ ಹೆಸರು ತಂತಿಯ ಮೇಲೆ ಓಡುತ್ತಿತ್ತು. ಯಾರಿಗೂ ಕಾಣುತ್ತಿರಲಿಲ್ಲ ಎಂಬುದು ಬೇರೆ ಮಾತು.

ತಂದೆ ಅರ್ಚಕರು, ಅಣ್ಣ ಸಂಸ್ಕೃತ ಮೇಷ್ಟ್ರು. ಆ ಮನೆಯಲ್ಲಿ ಒಂದು ಸ್ವರ ತಪ್ಪಿದರೆ ಇಡೀ ಮಂತ್ರ ಮೊದಲಿಂದ ಹೇಳಿಸುತ್ತಿದ್ದರು. ಭಟ್ಟರು ಆ ಶಿಸ್ತನ್ನೇ ಬೈಟುಗಳಿಗೆ ತಂದಿದ್ದರು. "ನನ್ನ ಪ್ಯಾಕೆಟ್ಟಿನಲ್ಲಿ ಇಷ್ಟರ ತನಕ ಒಂದು ಕೊಂಬು, ಒಂದು ದೀರ್ಘ ಬಿದ್ದುಹೋದದ್ದಿಲ್ಲ" ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು. ಹೆಂಡತಿ ರಮಾದೇವಿಗೆ ಈ ವಾಕ್ಯ ಬಾಯಿಪಾಠವಾಗಿತ್ತು. ಸುಳ್ಳಲ್ಲ, ಈ ಕಥೆ ಹೇಳುವ ನನಗೂ ಆ ಮನುಷ್ಯನ ಮೇಲೆ ಸ್ವಲ್ಪ ಹೆಮ್ಮೆಯೇ.

ಗಲಾಟೆ ಕೇಳಿ ಪ್ರೆಸ್ಸಿನ ಯಜಮಾನ ಆಂಬ್ರೋಸ್ ಕನ್ನಡಕ ಹಣೆಗೇರಿಸಿಕೊಂಡು ಹೊರಗೆ ಬಂದರು.

"ಎಂತ ಭಟ್ರೇ ಇದು? ಶೆಟ್ರ ಮನೆ ಕಾಗದ ಅಲ್ವಾ!"

ಪಕ್ಕದ ಮೇಜಿನ ಸಿಂಧು ಮೆಲ್ಲಗೆ ಹೇಳಿದಳು. "ಸರ್, ನಾನು ಆವತ್ತೇ ಹೇಳಿದ್ದೆ. ಆ ಪ್ಯಾಕೆಟ್ ತೆಗೆದು ಸಾದಾ ದಾರಿಯಲ್ಲಿ ಕಳಿಸಿದ್ರೆ ಆಯ್ತು. ಸೆಟ್ಟಿಂಗಲ್ಲಿ ಒಂದೇ ಸಾಲು. ಎಷ್ಟು ಉದ್ದ ಇದ್ರೂ ಹೋಗ್ತದೆ." ದೇರೆಬೈಲಿನಿಂದ ಬರುವ ಈ ಹುಡುಗಿ ಕೆಲಸಕ್ಕೆ ಸೇರಿ ಎಂಟು ತಿಂಗಳು. ಆ ಒಂದು ಸಾಲನ್ನು ಅವಳು ಎಂಟು ತಿಂಗಳಿಂದಲೂ ಹೇಳುತ್ತಿದ್ದಳು.

ಆಂಬ್ರೋಸ್ ಗಡಿಯಾರ ನೋಡಿದರು. "ಐದು ಗಂಟೆಗೆ ಶೆಟ್ರು ಕರಡು ನೋಡ್ಲಿಕ್ಕೆ ಬರ್ತಾರೆ. ಆರಕ್ಕೆ ಅಚ್ಚಿಗೆ. ಪಟ್ಟಿ ಪೂರ್ತಿ ಬಂದು ಶೆಟ್ರು ಸೈ ಅಂದ್ರೆ ನಿಮ್ಮ ಪ್ಯಾಕೆಟ್ ಇರ್ಲಿ. ಒಂದು ಹೆಸರು ಬಿದ್ದುಹೋದ್ರೂ ಸಿಂಧುವಿನ ಸಾಲು. ಮತ್ತೆ ನನ್ನಲ್ಲಿ ಬೇಜಾರು ಮಾಡ್ಬೇಡಿ."

ಹನ್ನೆರಡು ವರ್ಷದ ಕೂಸು ಐದು ಗಂಟೆಯವರೆಗೆ ಮಾತ್ರ. ಭಟ್ಟರು ಸುಂದರಿಯಕ್ಕನ ಕೈಬರಹದ ಪಟ್ಟಿಯ ಫೋಟೋ ತರಿಸಿ, ತೊಂಬತ್ತಾರು ಸಾಲನ್ನೂ ಟೈಪ್ ಮಾಡಿಸಿ, ತೂಗಿ ನೋಡಿದರು. ಹನ್ನೆರಡು ಸಾವಿರದ ಒಂಬೈನೂರು ಬೈಟು! ಪ್ಯಾಕೆಟ್ಟಿನ ಮಿತಿ ಎಂಟು ಸಾವಿರದ ನೂರ ತೊಂಬತ್ತೆರಡು. ಅದಕ್ಕಿಂತ ಹೆಚ್ಚಾದದ್ದನ್ನು ಬಿಟ್ಟುಬಿಡು ಎಂಬ ಆಜ್ಞೆಯನ್ನು ಹನ್ನೆರಡು ವರ್ಷದ ಹಿಂದೆ ಅವರೇ ಬರೆದಿದ್ದರು. ಮದುವೆ ಕಾಗದದಲ್ಲಿ ಇಷ್ಟು ನೆಂಟರನ್ನು ಯಾರು ಹಾಕುತ್ತಾರೆ ಎಂದು ಆಗ ಅವರಿಗೆ ಅನಿಸಿರಬೇಕು. ಮಂಗಳೂರಿನಲ್ಲೇ ಹುಟ್ಟಿ ಬೆಳೆದವರು ಹಾಗೆ ಯೋಚಿಸಿದ್ದು ತಪ್ಪೇ.

"ಕಂಡಿತು, ತಪ್ಪು ನನ್ನದೇ" ಎಂದು ಭಟ್ಟರು ಘೋಷಿಸಿದರು. ಅದರಲ್ಲೂ ಒಂದು ಗತ್ತಿತ್ತು. ಬೇರೆ ಯಾರದೋ ತಪ್ಪಾಗಿದ್ದರೆ ಅವರಿಗೆ ಅವಮಾನವಾಗುತ್ತಿತ್ತು.

"ಎರಡು ಪ್ಯಾಕೆಟ್ ಮಾಡಿ ಕಳಿಸಿ ಅಲ್ವಾ ಸರ್" ಎಂದಳು ಸಿಂಧು.

"ಮದುವೆ ಕಾಗದವನ್ನು ತುಂಡು ಮಾಡಿ ಕಳಿಸುದಾ? ಎಂತ ಮಾತಾಡ್ತಿ ನೀನು!" ಎಂದರು ಅರ್ಚಕರ ಮಗ. ಸುಂದರಿಯಕ್ಕನೂ "ಬೇಡಪ್ಪ, ಬೇಡ" ಎಂದು ಗಾಬರಿಯಾದರು. ಎರಡು ಪ್ಯಾಕೆಟ್ಟಿನ ವಿಚಾರ ಅಲ್ಲಿಗೆ ಬಿತ್ತು.

ಹಾಗಾದರೆ ಹಿಡಿಸುವುದು ಹೇಗೆ? ಭಟ್ಟರು ಪಟ್ಟಿಯನ್ನೇ ದಿಟ್ಟಿಸಿದರು. ಕನ್ನಡದ ಒಂದೊಂದು ಅಕ್ಷರದ ತುಣುಕಿಗೂ ಮೂರು ಬೈಟು ಬೇಕು. 'ಶೆಟ್ಟಿ' ಎಂದು ಒಂದು ಸಲ ಬರೆದರೆ ಹದಿನೆಂಟು ಬೈಟು ಹೋಯಿತು. ಮನೆತನದ ಹೆಸರಿಗೆ ಹತ್ತುವ 'ಗುತ್ತು' ಮತ್ತೆ ಹದಿನೆಂಟು. 'ಶ್ರೀಮತಿ ಮತ್ತು ಶ್ರೀ' ಎನ್ನುವಷ್ಟರಲ್ಲಿ ಐವತ್ತು. ತೊಂಬತ್ತಾರು ಸಾಲಿನಲ್ಲೂ ಇವೇ ಮೂರು! ಪದೇ ಪದೇ ಬರುವ ಮಾತಿಗೆ ಒಂದೊಂದು ನಂಬರು ಕೊಟ್ಟು, ಎದುರಿನಲ್ಲಿ ನಂಬರು ತುಂಬಿಸಿ, ಹಿಂದೆ ಬಿಚ್ಚಿ ಓದಿಕೊಂಡರೆ ಆಯಿತು. ಎರಡೆರಡು ಬೈಟಿನಲ್ಲಿ ಒಬ್ಬ ಶೆಟ್ಟಿ. ಭಟ್ಟರು ತೊಡೆ ತಟ್ಟಿಕೊಂಡರು.

ಹನ್ನೊಂದೂವರೆಗೆ ಮೊದಲ ಕರಡು ಬಂತು. ಸುಂದರಿಯಕ್ಕ ಕುರ್ಚಿ ಎಳೆದುಕೊಂಡು ಭಟ್ಟರ ಹೆಗಲ ಮೇಲಿಂದಲೇ ಓದಿದರು.

"ಐದು ರಘುರಾಮ ಏಳು... ದಾನೆ, ಎಂತ ಇದು? ನಮ್ಮ ರಘುರಾಮ ಭಾವ ಏಳು ಯಾಕಾದ್ರು?"

ನಂಬರನ್ನು ಬಿಚ್ಚುವುದು ಹೇಗೆಂದು ಹಿಂದಿನ ಕಂಟೇನರಿಗೆ ಹೇಳಲು ಭಟ್ಟರು ಮರೆತಿದ್ದರು. ಅದನ್ನು ಸರಿಮಾಡುವ ಗಡಿಬಿಡಿಯಲ್ಲಿ ಎರಡು ನಂಬರು ಅದಲುಬದಲಾಗಿ, ಎರಡನೆಯ ಕರಡಿನಲ್ಲಿ ರಘುರಾಮ ಗುತ್ತು, ನಡುಬೈಲು ಶೆಟ್ಟಿ ಎಂದು ಬಂತು. ಇಡೀ ಮನೆತನ ತಲೆಕೆಳಗಾಗಿ ನಿಂತಂತಿತ್ತು. ಸುಂದರಿಯಕ್ಕ ನೀರು ಕೇಳಿದರು. ಆಂಬ್ರೋಸ್ ಒಳಗಿನಿಂದಲೇ "ಸಾಯ್ಬಾ!" ಎಂದು ಕೊಂಕಣಿಯಲ್ಲಿ ದೇವರನ್ನು ಕರೆದರು.

ಒಂದು ಗಂಟೆಗೆ ಮೂರನೆಯ ಕರಡು. ತೊಂಬತ್ತಾರು ಮನೆ, ತೊಂಬತ್ತಾರು ಶೆಟ್ಟಿ, ಎಲ್ಲ ಗುತ್ತುಗಳೂ ತಮ್ಮ ತಮ್ಮ ಜಾಗದಲ್ಲಿ. ಭಟ್ಟರು ಹಿಂದಕ್ಕೊರಗಿ, "ಐದು ಸಾವಿರದ ಮುನ್ನೂರು ಬೈಟು. ಇನ್ನೂ ಸುಮಾರು ಮೂರು ಸಾವಿರ ಜಾಗ ಉಂಟು!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

"ಜಾಗ ಉಂಟಾ?" ಸುಂದರಿಯಕ್ಕನ ಕಣ್ಣು ಅರಳಿತು. "ಹಾಗಾದ್ರೆ ಕಾಟಿಪಳ್ಳದ ಚಿಕ್ಕಮ್ಮನವರನ್ನು ಹಾಕುವ. ಜಾಗ ಇಲ್ಲ ಅಂತ ಬಿಟ್ಟದ್ದು ಪಾಪ." ಚಿಕ್ಕಮ್ಮನನ್ನು ಹಾಕಿದ ಮೇಲೆ ಅವರ ನಾದಿನಿಯರನ್ನು ಬಿಡುವುದು ಹೇಗೆ? ಅಕ್ಕ ಫೋನು ತೆಗೆದರು. ಜೆಪ್ಪುವಿನ ಪ್ರೆಸ್ಸಿನಲ್ಲಿ ಎಷ್ಟು ಜನವನ್ನೂ ಹಿಡಿಸುತ್ತಾರಂತೆ ಎಂಬ ಸುದ್ದಿ ಅರ್ಧ ಗಂಟೆಯಲ್ಲಿ ಮುಂಬೈ ತನಕ ಹೋಯಿತು. ಅಲ್ಲಿಂದ ಹದಿನಾಲ್ಕು ಮನೆಯವರು ತಮ್ಮ ಹೆಸರನ್ನು ತಾವೇ ಕಳಿಸಿಕೊಟ್ಟರು. ನೂರ ಮೂವತ್ತನೆಯ ಹೆಸರಿಗೆ ಪ್ಯಾಕೆಟ್ಟು ಮತ್ತೆ ಕಂಠಮಟ್ಟ ತುಂಬಿತು.

"ಸರ್, ನನ್ನ ಸಾಲು ಹಾಕುವನಾ?" ಎಂದಳು ಸಿಂಧು. ಅವಳಿಗೆ ಭಟ್ಟರ ಮೇಲೆ ಕನಿಕರವೇ ಹೊರತು ಹಗೆಯಿರಲಿಲ್ಲ.

"ನನ್ನ ಹೆಣದ ಮೇಲೆ ಹಾಕು."

ಭಟ್ಟರು ಮನೆಯಿಂದ ತಂದ ಬುತ್ತಿ ತೆರೆಯಲಿಲ್ಲ. ನಡುಬೈಲಿಗೆ ಒಂದು ನಂಬರು ಕೊಟ್ಟರು, ಪಡುಬೈಲಿಗೆ ಇನ್ನೊಂದು. ಮುಂಬೈಗೂ ನಂಬರು ಸಿಕ್ಕಿತು. ಅಲ್ಪವಿರಾಮಗಳನ್ನು ಕಿತ್ತು, ಸಾಲು ಮುಗಿದಲ್ಲಿ ಹಿಂದಿನ ಕಂಟೇನರೇ ಹಾಕಿಕೊಳ್ಳಲಿ ಎಂದರು. ನಾಲ್ಕು ಮುಕ್ಕಾಲಕ್ಕೆ ಕೊನೆಯ ಗುಂಡಿ ಒತ್ತಿದಾಗ ನೂರ ನಲವತ್ತೆಂಟು ಮನೆಯವರು ಒಂದೇ ಪ್ಯಾಕೆಟ್ಟಿನಲ್ಲಿ ಕೂತು ಎದುರಿನಿಂದ ಹಿಂದಕ್ಕೆ ಹೋದರು. ಎಂಟು ಸಾವಿರದ ನೂರ ತೊಂಬತ್ತು ಬೈಟು. ಮಿತಿಗೆ ಎರಡು ಬೈಟು ಬಾಕಿ!

ಕರಡು ಹೊರಬಂತು. ಸುಂದರಿಯಕ್ಕ ಬೆರಳಿಟ್ಟು ಒಂದೊಂದಾಗಿ ಓದಿ, "ಎಲ್ಲ ಉಂಟು ಭಟ್ರೇ, ಒಬ್ಬರೂ ಬಿಟ್ಟುಹೋಗ್ಲಿಲ್ಲ" ಎಂದು ಕಣ್ಣೊರೆಸಿಕೊಂಡು ಮನೆಗೆ ಹೊರಟರು. ಆಂಬ್ರೋಸ್ ಕೈಕುಲುಕಿದರು. ಸಿಂಧು ಎದ್ದು ನಿಂತು, "ನಿಜಕ್ಕೂ ಸೂಪರ್ ಸರ್. ಇದು ನನ್ನಿಂದ ಆಗ್ತಿರ್ಲಿಲ್ಲ" ಎಂದಳು. ಹನ್ನೆರಡು ವರ್ಷದಲ್ಲಿ ಅವರ ಪ್ಯಾಕೆಟ್ಟನ್ನು ಇನ್ನೊಬ್ಬರು ಹೊಗಳಿದ್ದು ಅದೇ ಮೊದಲು.

ಐದಕ್ಕೆ ಸರಿಯಾಗಿ ತಾರಾನಾಥ ಶೆಟ್ಟರು ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಮಾತು ಕಡಿಮೆ. ಕರಡು ಕೈಗೆ ತೆಗೆದುಕೊಂಡು ಓದುತ್ತ ಬಂದವರು ನಲವತ್ತೆರಡನೆಯ ಸಾಲಿಗೆ ಬಂದಾಗ ನಿಂತರು. ಮುಖ ಕೆಂಪಾಯಿತು.

"ಪಡುಬೈಲು ಸಂಕಪ್ಪನ ಹೆಸರು ಇದರಲ್ಲಿ ಹಾಕಿದ್ದು ಯಾರು?"

"ನಾನೇ ಶೆಟ್ರೇ!" ಎಂದರು ಭಟ್ಟರು ಎದೆಯುಬ್ಬಿಸಿ. "ಅದರ ಕೆಳಗಿನದ್ದನ್ನೂ ನಾನೇ ತಂದದ್ದು."

"ನಿಮಗೆ ಯಾರು ಹೇಳಿದ್ದು ತರ್ಲಿಕ್ಕೆ? ನನ್ನ ಅಮ್ಮ ತೀರಿಹೋದಾಗ ಬೊಜ್ಜದ ಊಟಕ್ಕೆ ಬಂದು ಊಟ ಮಾಡದೆ ಎದ್ದುಹೋದವ ಆ ಸಂಕಪ್ಪ. ಸುಂದರಿ ಕೊಟ್ಟ ಪಟ್ಟಿಯಲ್ಲಿ ಅವನಿಂದ ಕೆಳಗೆ ಇದ್ದದ್ದೆಲ್ಲ ಅವನ ಕಡೆಯವರೇ. ಟೈಪ್ ಮಾಡ್ತಾ ಬಂದೆ, 'ಶ್ರೀ' ತನಕ ಬರೆದೆ. ಅವನ ಹೆಸರು ಬರೀಲಿಕ್ಕೆ ಕೈ ಬರ್ಲಿಲ್ಲ. ಅಲ್ಲಿಗೇ ಒತ್ತಿ ಕಳಿಸಿದೆ."

ಸಿಂಧು ಬೆಳಗಿನ ಕರಡನ್ನು ತೂಗಿ ನೋಡಿ ಮೆಲ್ಲಗೆ ಹೇಳಿದಳು. "ಐದು ಸಾವಿರದ ಆರುನೂರು ಬೈಟು ಸರ್. ಮಿತಿಯ ಹತ್ತಿರವೂ ಬರ್ಲಿಲ್ಲ. ನಿಮ್ಮ ಪ್ಯಾಕೆಟ್ ಒಂದು ಅಕ್ಷರವನ್ನೂ ಬಿಟ್ಟಿರ್ಲಿಲ್ಲ."

ಇಡೀ ಪಟ್ಟಿಯನ್ನು ತೂಗಿದ ಭಟ್ಟರು ತುಂಡಾದ ಪಟ್ಟಿಯನ್ನು ತೂಗಿರಲೇ ಇಲ್ಲ! ಆದರೂ ಅವರು ಕೂತಲ್ಲೇ ಎರಡಿಂಚು ಎತ್ತರವಾದರು. "ನಾನು ಹೇಳ್ಲಿಲ್ವಾ?" ಎಂದು ಶುರುಮಾಡಿದರು. ಬೆಳಿಗ್ಗೆ ಹೇಳಿದ್ದು ಬೇರೆ ಎಂಬುದು ಅವರಿಗೆ ಮರೆತೇಹೋಗಿತ್ತು.

ಶೆಟ್ಟರು ಕೈಯೆತ್ತಿ ತಡೆದರು. "ಸುಂದರಿ ಮೆಷಿನ್ ತಿಂದದ್ದು ಅಂತ ನಂಬಿದ್ದಾಳೆ ಅಲ್ವಾ? ಒಳ್ಳೆದಾಯ್ತು. ನಾನೇ ಬಿಟ್ಟದ್ದು ಅಂತ ಗೊತ್ತಾದ್ರೆ ಮದುವೆ ಮನೆಯಲ್ಲಿ ರಂಪ ಆಗ್ತದೆ. ಮೆಷಿನ್ ತಪ್ಪಿದ್ರೆ ಯಾರಿಗೂ ಬೇಜಾರಿಲ್ಲ. ಭಟ್ರೇ, ಇದು ಬೆಳಿಗ್ಗೆ ಹೇಗಿತ್ತೋ ಹಾಗೇ ಬರ್ಬೇಕು. ಆ 'ಶ್ರೀ'ಗೇ ನಿಲ್ಬೇಕು. ಮೆಷಿನ್‌ನ ತಪ್ಪಿನ ಹಾಗೇ ಕಾಣ್ಬೇಕು."

"ಶೆಟ್ರೇ, ನನ್ನ ಪ್ಯಾಕೆಟ್ಟಿನಲ್ಲಿ ಒಂದು ಕೊಂಬು ಬಿದ್ದದ್ದಿಲ್ಲ. ಬೇಕೂಂತ ತಪ್ಪು ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಆಗುದಿಲ್ವಾದ್ರೆ ಬಿಡಿ ಭಟ್ರೇ" ಎಂದರು ಆಂಬ್ರೋಸ್. "ಶೆಟ್ರು ಸೈ ಅನ್ಲಿಲ್ಲ ಅಂದ್ರೆ ಬೆಳಿಗ್ಗಿನ ಮಾತೇ ಮಾತು. ಸಿಂಧು, ಆ ಸಾಲು ಹಾಕಮ್ಮ."

ಸಿಂಧು ಅಲುಗಲಿಲ್ಲ. ಭಟ್ಟರು ಪರದೆಯ ಮೇಲಿದ್ದ ಕೆ ಮತ್ತು ಬಿಗಳನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡು, ನಲವತ್ತೆರಡನೆಯ ಸಾಲಿನಲ್ಲಿ 'ಶ್ರೀ' ಮುಗಿದಲ್ಲಿಗೆ ನಿಲ್ಲುವಂತೆ ಒಂದು ತಪ್ಪನ್ನು ಬರೆದರು. ಬರೆದವರು ಕಮಲಾಕ್ಷ ಭಟ್ಟರಾದ್ದರಿಂದ ಆ ತಪ್ಪಿನಲ್ಲೂ ಒಂದು ಬೈಟು ಹೆಚ್ಚುಕಡಿಮೆ ಇರಲಿಲ್ಲ. ಮೊದಲ ಸಲಕ್ಕೇ ಸರಿಯಾಗಿ ತಪ್ಪಿತು.

ಆರಕ್ಕೆ ಅಚ್ಚು ಶುರುವಾಯಿತು. ಏಳಕ್ಕೆ ಎರಡು ಸಾವಿರ ಕಾಗದ ಅಚ್ಚಾಗಿ, ಒಂದರ ಫೋಟೋ ಸುಂದರಿಯಕ್ಕನಿಗೆ ಮುಟ್ಟಿತು. ಭಟ್ಟರ ಫೋನು ಹೊಡೆದುಕೊಂಡಾಗ ತಾರಾನಾಥ ಶೆಟ್ಟರು ಎದುರಿಗೇ ಚಹಾ ಕುಡಿಯುತ್ತಿದ್ದರು.

"ಭಟ್ರೇ! ಪುನಃ ತಿಂದಿತಲ್ಲ!"

ಭಟ್ಟರು ಶೆಟ್ಟರ ಮುಖ ನೋಡಿದರು. ಶೆಟ್ಟರು ಚಹಾ ಊದಿಕೊಂಡರು.

"ಹೌದು ಅಕ್ಕ" ಎಂದರು ಭಟ್ಟರು. ಆ ಮಾತು ಹೊರಬರಲು ಸಾಕುಬೇಕಾಯಿತು. "ನನ್ನ ಪ್ಯಾಕೆಟ್ಟಿನದ್ದೇ ತಪ್ಪು."

ಆ ಕಡೆ ಅಕ್ಕನ ಸ್ವರ ಮೆತ್ತಗಾಯಿತು. "ಹೋಗ್ಲಿ ಬಿಡಿ, ಬೆಳಿಗ್ಗಿನಿಂದ ನೀವೂ ಎಷ್ಟು ಕಷ್ಟಪಟ್ಟಿದ್ದೀರಿ ಪಾಪ. ನಿಮಗೆ ಬರುದಿಲ್ಲಾದ್ರೆ ಆ ಹುಡುಗಿಯತ್ರ ಕಲಿಯಬಹುದಿತ್ತಲ್ಲ."

ಭಟ್ಟರು ಫೋನು ಕೆಳಗಿಟ್ಟು, ಎದ್ದು ಚೀಲ ಹೆಗಲಿಗೇರಿಸುವಷ್ಟರಲ್ಲಿ, ಶೆಟ್ಟರನ್ನು ಬಾಗಿಲ ತನಕ ಕಳಿಸಿ ಬಂದ ಆಂಬ್ರೋಸ್ ಖುಷಿಯಿಂದ ಅವರ ಬೆನ್ನು ತಟ್ಟಿದರು.

"ಭಟ್ರೇ, ನಿಮ್ಮ ಪ್ಯಾಕೆಟ್ ಉಳಿಯಿತು ಮಾರಾಯ್ರೆ! ಶೆಟ್ರ ಮಗ ಮೋಕ್ಷಿತನ ಮದುವೆ ಕಾಗದವೂ ನಮಗೇ ಅಂತೆ. ಶೆಟ್ರು ಇನ್ನೂ ನಾಲ್ಕು ಮನೆಯವರಿಗೆ ಹೇಳಿದ್ದಾರಂತೆ, ಎಲ್ಲರೂ ನಿಮ್ಮ ಪ್ಯಾಕೆಟ್ಟೇ ಬೇಕು ಅಂತಿದ್ದಾರೆ. ಒಂದೇ ಕಂಡೀಷನ್. ಅದನ್ನು ಯಾರೂ ರಿಪೇರಿ ಮಾಡ್ಬಾರ್ದಂತೆ."