ಜೇಬಿನಲ್ಲಿ ಆರು ಅಡಿಕೆ

ನಮ್ಮ ಸೋದರಮಾವನ ಬೆರಳು ನೆಟ್ಟಗಾದರೆ ಚನ್ನಗಿರಿಯಿಂದ ಜಗಳೂರಿನವರೆಗೆ ಯಾರಾದರೊಬ್ಬರು ಅಳಲೇಬೇಕು! ಒಂದು ಕಾಲಕ್ಕೆ ರಾಜ್ಯ ತಂಡದಲ್ಲಿ ಕ್ರಿಕೆಟ್ ಆಡಿಯೇ ಅನ್ನ ತಿಂದವರು; ಈಗ ತಾಲ್ಲೂಕು ಪಂದ್ಯಗಳಿಗೆ ಅಂಪೈರು. ನಾನು ಅವರ ಸ್ಕೋರರ್. ಹುಟ್ಟಾ ಲೆಕ್ಕದವಳು, ಹಾಲಿನವನು ತಡವಾಗಿ ಬಂದ ದಿನಗಳೂ ನನ್ನ ಡೈರಿಯಲ್ಲಿವೆ.

ಅಂಪೈರಿಕೆಯನ್ನು ಮಾವ ಮನೆಯಲ್ಲೂ ಬಿಡುವುದಿಲ್ಲ. ಅತ್ತೆ "ಸಾರಿಗೆ ಉಪ್ಪು ಸರಿ ಐತೇನ್ರಿ?" ಎಂದರೆ ಗಾಳಿಯಲ್ಲಿ ಟಿವಿಯ ಚೌಕ ಬರೆದು ನನ್ನತ್ತ ನೋಡುತ್ತಾರೆ. ನಾನು ಮೂರನೇ ಅಂಪೈರು!

"ಬಾಯ್ಬಿಟ್ಟು ಹೇಳ್ರಿ, ಇದು ಅಡಿಗೆಮನಿ, ಗ್ರೌಂಡಲ್ಲ!"

"ತೀರ್ಪು ಬರೋತನಕ ತಡಿ. ಆಟಗಾರರು ಮಾತಾಡಂಗಿಲ್ಲ."

ತೀರ್ಪು ಬರುವಷ್ಟರಲ್ಲಿ ಸಾರಿನ ಪಾತ್ರೆ ಪೆವಿಲಿಯನ್ನಿಗೆ ಮರಳಿರುತ್ತದೆ.

ಮಾವ ಆಡಿದ ಕೊನೆಯ ಪಂದ್ಯದ ಕಥೆ ಕೇಳಿದ್ದೀರಾ? ಕೇಳದೆ ಉಳಿದವರು ನೀವೊಬ್ಬರೇ ಇರಬೇಕು! ಕೀಪರ್ ಕ್ಯಾಚ್ ಹಿಡಿದನೆಂದು ಅಂಪೈರು ತಪ್ಪಾಗಿ ಔಟ್ ಕೊಟ್ಟರಂತೆ. "ಬ್ಯಾಟಿಗೆ ತಾಗೇ ಇರ್ಲಿಲ್ಲ ಕಣೇ!" ಇದುವರೆಗೆ ನೂರಾ ಹನ್ನೆರಡು ಸಲ ಹೇಳಿದ್ದಾರೆ. ಎಣಿಸಿದ್ದೇನೆ.

ಓವರಿನ ಎಸೆತ ಎಣಿಸಲು ಬೇರೆ ಅಂಪೈರುಗಳು ಕಲ್ಲು ಇಟ್ಟುಕೊಂಡರೆ ಮಾವನದು ಆರು ಅಡಿಕೆ. ಎಸೆತಕ್ಕೊಂದರಂತೆ ಎಡಜೇಬಿನಿಂದ ಬಲಜೇಬಿಗೆ. ಅಡಿಕೆ ಸೀಮೆ ಚನ್ನಗಿರಿಯವರ ಜೇಬಿನಲ್ಲಿ ಇನ್ನೇನಿರುತ್ತದೆ?

ನ್ಯಾಮತಿಯ ಫೈನಲ್ಲಿನಲ್ಲಿ ಹೊನ್ನಾಳಿ ಹುಡುಗರು ಸವಳಂಗದವರೆದುರು ಒಂದೇ ರನ್ನಿನಿಂದ ಸೋತರು. ಅತ್ತ ಪಟಾಕಿ ಸಿಡಿಯುತ್ತಿರುವಾಗ, ಇತ್ತ ಸ್ಕೋರ್ ಪುಸ್ತಕ ಕೂಡಿಸುತ್ತಿದ್ದ ನನ್ನ ಪೆನ್ನು ನಿಂತಿತು.

"ಮಾವ, ನೀವು ಎಣಿಸಿದ ಕಡೇ ಓವರಿಗೆ ಐದೇ ಬಾಲು."

ಮಾವ ಜೇಬಿಗೆ ಕೈ ಹಾಕಿದರು. ಐದು ಅಡಿಕೆ. ಆಡುತ್ತಿದ್ದ ದವಡೆ ಗಕ್ಕನೆ ನಿಂತಿತು. ಆರನೆಯದು ಬಾಯಲ್ಲಿತ್ತು!

"ನಿಯಮದಾಗೆ ಅಂಪೈರ್ ಎಣಿಸಿದ್ದೇ ಲೆಕ್ಕ. ಸುಮ್ನಿರ್ರಿ, ಇಷ್ಟು ವರ್ಷದ ಹೆಸರು ಮಣ್ಣಾಗ್ತೈತೆ," ಎಂದರು ಪಂದ್ಯ ನಡೆಸುವವರು.

ಮಾವ ಅಡಿಕೆ ಉಗಿದು ಮೈಕು ಹಿಡಿದರು. "ಒಂದು ಬಾಲ್ ನಾನು ತಿಂದೀನಿ. ತಪ್ಪು ನಂದು. ಇಬ್ರೂ ಕ್ಯಾಪ್ಟನ್ ಒಪ್ಪಿದ್ರೆ ಈಗ ಆಡಿಸ್ತೀನಿ."

ಮೈದಾನವೇ ಬಿದ್ದು ಬಿದ್ದು ನಕ್ಕಿತು. "ಬಾಲು ರುಚಿ ಹೆಂಗಿತ್ರೀ, ಅಂಕಲ್?" ಎಂದು ಯಾರೋ ಕೂಗಿದರು. ಮಾವನ ಕಿವಿ ಕೆಂಪಾದವು. ಸವಳಂಗದ ನಾಯಕ ನಗು ತಡೆಯಲಾಗದೆ ಒಪ್ಪಿದ.

ಎಸೆತ ಬಂತು. ಹೊನ್ನಾಳಿ ಹುಡುಗ ಜೋರಾಗಿ ಬೀಸಿದ. ಚೆಂಡು ನೇರ ಕೀಪರಿನ ಕೈಗೆ. "ಹೌಝಾಟ್!" ಔಟಾದರೂ ಸೋಲೇ, ಆಗದಿದ್ದರೂ ಸೋಲೇ. ಆದರೂ ಮಾವ ತಲೆ ಅಲ್ಲಾಡಿಸಿದರು: "ಬ್ಯಾಟಿಗೆ ತಾಗಿಲ್ಲ."

ಇದನ್ನು ಆ ನೂರಾ ಹನ್ನೆರಡಕ್ಕೆ ಸೇರಿಸಲಿಲ್ಲ.

ಹುಡುಗ ಬಂದು ಮಾವನ ಕೈ ಹಿಡಿದ. "ಸೋತ್ರೂ ಬೇಜಾರಿಲ್ಲ ಬಿಡ್ರಿ, ಅಂಕಲ್."

ವಾಪಸು ಹೊರಟ ಬಸ್ಸು ಹೊನ್ನಾಳಿ ದಾಟಿತು. ಮಾವ ಕಿಟಕಿಯತ್ತ ಮುಖ ಮಾಡಿಯೇ ಹೇಳಿದರು: "ಅವತ್ತು ನಂಗೆ ಔಟ್ ಕೊಟ್ರಲ್ಲ, ಆ ಅಂಪೈರು... ಪಾಪ, ತಪ್ಪಾಗೈತೆ ಅಂತ ಅವ್ರಿಗೆ ಹೇಳಾಕೆ ಯಾರೂ ಇರ್ಲಿಲ್ಲೇನೋ, ಪುಟ್ಟಿ."

ಡೈರಿಯಲ್ಲಿ ಆ ಲೆಕ್ಕ ಇವತ್ತಿಗೂ ನೂರಾ ಹನ್ನೆರಡರಲ್ಲೇ ನಿಂತಿದೆ.